ನೆಮ್ಮದಿಯನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆ?

ಪ್ರತಿ ವರ್ಷ ಮಾರ್ಚ್ 20ರ ವಿಶ್ವ ಸಂತೋಷ ದಿನದ ಹೊತ್ತಿಗೆ ದೇಶಗಳ ಸಂತೋಷದ ಪಟ್ಟಿ ಹೊರಬರುತ್ತದೆ. 2025ರಲ್ಲಿ 147 ದೇಶಗಳ ಪೈಕಿ ಭಾರತಕ್ಕೆ 118ನೇ ಸ್ಥಾನ. ಫಿನ್‌ಲೆಂಡ್ ಸತತ ಎಂಟನೇ ಬಾರಿ ಮೊದಲು. ಜುಮಾ ಮುಗಿಸಿ ಹೊರಬರುವಾಗ ಯುವಕರು ನಮ್ಮನ್ನು ಕೇಳುವುದುಂಟು, "ಹಜ್ರತ್, ಇದನ್ನೆಲ್ಲ ಅಳೆಯಲು ಆಗುತ್ತದೆಯೇ?" ಪಟ್ಟಿಯನ್ನು ಹೊಗಳುವ ಅಥವಾ ಬೈಯುವ ಮೊದಲು ಅದು ತಯಾರಾಗುವ ಬಗೆಯನ್ನು ತಿಳಿಯೋಣ.

ಗ್ಯಾಲಪ್ ಎಂಬ ಸಂಸ್ಥೆ ಹೆಚ್ಚಿನ ದೇಶಗಳಲ್ಲಿ ವರ್ಷಕ್ಕೆ ಸುಮಾರು ಸಾವಿರ ಮಂದಿಯನ್ನು ಮಾತನಾಡಿಸುತ್ತದೆ. ಒಂದು ಏಣಿಯನ್ನು ಊಹಿಸಿಕೊಳ್ಳಿ ಎನ್ನುತ್ತಾರೆ. ತುದಿಯ ಹತ್ತನೇ ಮೆಟ್ಟಿಲು ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಬುಡದ ಸೊನ್ನೆ ಅತ್ಯಂತ ಕೆಟ್ಟ ಬದುಕು. ಈಗ ನೀವು ಎಲ್ಲಿ ನಿಂತಿದ್ದೀರಿ? ಮೂರು ವರ್ಷಗಳ ಉತ್ತರಗಳ ಸರಾಸರಿಯೇ ದೇಶದ ಅಂಕ. ಫಿನ್‌ಲೆಂಡಿನದು 7.7, ನಮ್ಮದು 4.4. ಆದಾಯ, ಆರೋಗ್ಯ, ಸ್ವಾತಂತ್ರ್ಯ, ಭ್ರಷ್ಟಾಚಾರ ಮುಂತಾದ ಆರು ಅಂಶಗಳನ್ನು ಕೂಡಿಸಿ ಸ್ಥಾನ ಕೊಡುತ್ತಾರೆಂದು ಹಲವರು ಬರೆಯುತ್ತಾರೆ. ಹಾಗಲ್ಲ. ದೇಶ ದೇಶಗಳ ನಡುವಿನ ವ್ಯತ್ಯಾಸಕ್ಕೆ ಕಾರಣ ಹುಡುಕುವಾಗ ಮಾತ್ರ ಅವು ಬರುತ್ತವೆ.

ಅಂದರೆ ಏಣಿ ಅಳೆಯುವುದು ಖುಷಿಯನ್ನಲ್ಲ. ನಿನ್ನೆ ನಕ್ಕಿರಾ, ಚಿಂತೆ ಮಾಡಿದಿರಾ ಎಂಬ ಪ್ರಶ್ನೆಗಳು ಬೇರೆಯೇ ಇವೆ. ಮಗಳ ಮದುವೆಯ ದಿನ ತಂದೆ ಖುಷಿಯಾಗಿಯೇ ಇರುತ್ತಾನೆ. ಬಿರಿಯಾನಿಗೆ ಮಾಡಿದ ಸಾಲ ನೆನಪಾದರೆ ಏಣಿಯಲ್ಲಿ ನಾಲ್ಕು ಮೆಟ್ಟಿಲು ಕೆಳಗೆ ಇಳಿಯುತ್ತಾನೆ. ಖುಷಿ ಒಂದು, ನೆಮ್ಮದಿ ಇನ್ನೊಂದು.

ಭೂತಾನ್ ಬೇರೆ ದಾರಿ ಹಿಡಿಯಿತು. 1970ರ ದಶಕದಲ್ಲಿ ಅಲ್ಲಿನ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ರಾಷ್ಟ್ರೀಯ ಉತ್ಪನ್ನಕ್ಕಿಂತ ರಾಷ್ಟ್ರೀಯ ಸಂತೋಷ ಮುಖ್ಯವೆಂದರು. ಇಂದು ಅಲ್ಲಿ ಒಂಬತ್ತು ಕ್ಷೇತ್ರಗಳ 33 ಸೂಚಕಗಳಿವೆ. ನಿದ್ದೆಯ ಗಂಟೆಗಳನ್ನೂ ನೆರೆಯವರ ಮೇಲಿನ ನಂಬಿಕೆಯನ್ನೂ ಲೆಕ್ಕ ಹಿಡಿಯುತ್ತಾರೆ. ಆದರೂ 2019ರಲ್ಲಿ ವಿಶ್ವಪಟ್ಟಿಯಲ್ಲಿ ಭೂತಾನ್ 95ನೆಯದಾಗಿತ್ತು. ತಕ್ಕಡಿ ಬದಲಾದರೆ ತೂಕವೂ ಬದಲಾಗುತ್ತದೆ.

ನಮ್ಮ ಗಮನ ಸೆಳೆದದ್ದು ಆ ಆರು ಅಂಶಗಳಲ್ಲಿ ಒಂದು. ಗ್ಯಾಲಪ್ ಕೇಳುತ್ತದೆ: ಕಷ್ಟ ಬಂದರೆ, ಬೇಕಾದಾಗಲೆಲ್ಲ ನೆರವಿಗೆ ಬರುವ ಬಂಧುವೋ ಗೆಳೆಯನೋ ನಿಮಗಿದ್ದಾರೆಯೇ? ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಮಕ್ಕಳೆಲ್ಲ ಗಲ್ಫ್‌ನಲ್ಲಿದ್ದು ಊರ ಮನೆಯಲ್ಲಿ ಒಬ್ಬರೇ ಇರುವ ತಾಯಂದಿರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿಲ್ಲ? ಹಣ ತಿಂಗಳು ತಪ್ಪದೆ ಬರುತ್ತದೆ, ಮನೆಗೆ ಟೈಲ್ಸ್ ಹಾಕಿಸಿಯಾಗಿದೆ. ಆದರೆ ಅರ್ಧರಾತ್ರಿ ಎದೆ ನೋವು ಬಂದರೆ ಯಾರ ಬಾಗಿಲು ತಟ್ಟಬೇಕು? ಪಕ್ಕದ ಮನೆಯವರ ಫೋನ್ ನಂಬರ್ ಆಕೆಯ ಬಳಿ ಇದೆಯೇ? ಆದಾಯದ ಪಟ್ಟಿಯಲ್ಲಿ ಆ ಮನೆ ಮೇಲಿದೆ, ಈ ಪ್ರಶ್ನೆಯಲ್ಲಿ ಕೆಳಗೆ. ದೇಶದ ಆದಾಯ ನಮ್ಮ ಕೈಯಲ್ಲಿಲ್ಲ, ಪಕ್ಕದ ಬಾಗಿಲು ಇದೆ.

2025ರ ವರದಿ ಊಟದ ಬಗ್ಗೆಯೂ ಲೆಕ್ಕ ಹಾಕಿದೆ. ಇತರರೊಡನೆ ಕೂತು ಉಣ್ಣುವವರು ತಮ್ಮ ಬದುಕಿಗೆ ಹೆಚ್ಚು ಅಂಕ ಕೊಡುತ್ತಾರೆ. ಅಮೆರಿಕದಲ್ಲಿ 2023ರಲ್ಲಿ ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಊಟವನ್ನೆಲ್ಲ ಒಂಟಿಯಾಗಿ ಉಂಡಿದ್ದರು. ಇನ್ನೊಂದು ವಿಷಯ: ಕಳೆದುಹೋದ ಪರ್ಸ್ ಮರಳಿ ಸಿಗುತ್ತದೆಯೇ ಎಂದು ಕೇಳಿದರೆ ಜನ ಅನುಮಾನಿಸುತ್ತಾರೆ. ಬೇಕೆಂದೇ ಪರ್ಸ್ ಬೀಳಿಸಿ ನೋಡಿದಾಗ, ಅವರು ಊಹಿಸಿದ್ದಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚು ಪರ್ಸ್‌ಗಳು ಮರಳಿ ಬಂದಿದ್ದವು.