ಊರು ತಿಳಿಯದ ಗಿಣಿ

ರೇಡಿಯೋದ ಮುಳ್ಳು ತಿರುಗಿಸುವಾಗ ಒಮ್ಮೊಮ್ಮೆ ಇಂಪಾದ ಹಾಡೊಂದು ಕೇಳಿಬರುತ್ತದೆ; ಯಾವ ನಿಲಯದ್ದೆಂಬುದು ಮಾತ್ರ ತಿಳಿಯದು. ಪಕ್ಷಿಶಾಸ್ತ್ರಜ್ಞರಿಗೂ ನೂರು ವರ್ಷಕ್ಕೂ ಮೀರಿ ಇಂಥದೇ ಪೇಚು ಒದಗಿತ್ತು. ಹಕ್ಕಿ ಕಣ್ಣೆದುರಿಗೆ ಪಂಜರದಲ್ಲಿತ್ತು. ಅದರ ಊರು ಯಾವುದೆಂದು ಅವರಿಗೆ ತಿಳಿದಿರಲಿಲ್ಲ.

ಅದೇ ಲಿಯರನ ಮಕಾವ್. ಮಕಾವ್‌ಗಳೆಂದರೆ ಅಮೆರಿಕ ಖಂಡದ ಉದ್ದ ಬಾಲದ ಗಿಣಿಗಳು. ನಮ್ಮ ತೋಟದ ಹಸಿರು ಗಿಣಿಯನ್ನು ನೆನೆದು ಇದನ್ನು ಅಳೆಯಬೇಡಿ. ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 28 ಅಂಗುಲ. ಮೈಯೆಲ್ಲ ನೀಲಿ, ಕೊಕ್ಕು ಕಪ್ಪು. ಕಣ್ಣಿನ ಸುತ್ತಲೂ ಕೊಕ್ಕಿನ ಬುಡದಲ್ಲೂ ಹಳದಿಯ ತೊಗಲು.

ಇಂಗ್ಲೆಂಡಿನ ಎಡ್ವರ್ಡ್ ಲಿಯರ್ 1830ರ ಸುಮಾರಿನಲ್ಲಿ, ಇನ್ನೂ ಎಳೆಯ ತರುಣನಾಗಿದ್ದಾಗ, ಗಿಣಿಗಳ ಚಿತ್ರಸಂಪುಟವೊಂದನ್ನು ಹೊರತಂದ. ಅದರಲ್ಲಿ ಈ ಹಕ್ಕಿಯೂ ಉಂಟು. ಆದರೆ ಇದಕ್ಕಿಂತ ದೊಡ್ಡದಾದ ಇನ್ನೊಂದು ನೀಲಿ ಮಕಾವ್‌ನ ಹೆಸರಿನಲ್ಲಿ. ಇದು ಬೇರೆಯೇ ಜಾತಿಯೆಂದು ಕಂಡು, 1856ರಲ್ಲಿ ಚಿತ್ರಕಾರನ ಹೆಸರನ್ನೇ ಇದಕ್ಕಿಟ್ಟವನು ನೆಪೋಲಿಯನ್ನನ ತಮ್ಮನ ಮಗ ಶಾರ್ಲ್ ಬೊನಪಾರ್ಟ್. ಹೆಸರೇನೋ ಆಯಿತು, ಊರು ಸಿಗಲಿಲ್ಲ. ಇದು ಎರಡು ಜಾತಿಗಳ ಬೆರಕೆಯಿರಬಹುದೆಂದು ಶಂಕಿಸಿದವರೂ ಉಂಟು.

ಕೊನೆಗೆ 1978ರ ಡಿಸೆಂಬರಿನಲ್ಲಿ, ಬ್ರೆಜಿಲ್ ದೇಶದ ಬಾಹಿಯಾ ಪ್ರಾಂತದ ಈಶಾನ್ಯದಲ್ಲಿರುವ ರಾಸೊ ದ ಕಟರೀನ ಎಂಬ ಮುಳ್ಳುಗಾಡಿನ ಸೀಮೆಯಲ್ಲಿ ಹೆಲ್ಮುಟ್ ಸಿಕ್ ಎಂಬ ವಿದ್ವಾಂಸರು ಇವುಗಳ ನೆಲೆಯನ್ನು ಕಂಡುಹಿಡಿದರು. ಆಗ ಅವರಿಗೆ ಅರವತ್ತೆಂಟು ವರ್ಷ.

ನೆಲೆ ತಿಳಿದ ಮೇಲೆ ಬದುಕೂ ತಿಳಿಯಿತು. ಈ ಗಿಣಿಗಳು ಗೂಡು ಮಾಡುವುದು ಮರದಲ್ಲಲ್ಲ, ಕಡಿದಾದ ಮರಳುಗಲ್ಲಿನ ಬಂಡೆಗಳ ಪೊಟರೆಗಳಲ್ಲಿ. ಮುಖ್ಯ ಆಹಾರ ಲಿಕುರಿ ಎಂಬ ತಾಳೆಜಾತಿಯ ಮರದ ಗಟ್ಟಿಕಾಯಿ. ಸಂಕಟವೂ ಅಲ್ಲಿಯೇ. ಕಾಡು ಕಡಿದು ಹುಲ್ಲುಗಾವಲಾದರೆ, ಲಿಕುರಿಯ ಎಳೆಯ ಸಸಿಗಳನ್ನು ದನಗಳು ಮೇಯುತ್ತವೆ. ಹಳೆಯ ಮರ ಸತ್ತರೆ ಹೊಸದು ಏಳುವುದಿಲ್ಲ. ಹಸಿದ ಗಿಣಿ ಜೋಳದ ಹೊಲಕ್ಕಿಳಿಯುತ್ತದೆ. ಬಡ ರೈತ ಕೋವಿ ಹಿಡಿಯುತ್ತಾನೆ. ಇದರ ಮೇಲೆ ಕಳ್ಳಸಾಗಣೆಯವರ ಕಾಟ ಬೇರೆ.

ರೈತನನ್ನು ಬೈದು ಫಲವೇನು? ಗಿಣಿ ತಿಂದಷ್ಟು ಜೋಳವನ್ನು ಅವನಿಗೆ ತುಂಬಿಕೊಡುವ ಏರ್ಪಾಡನ್ನು ಅಲ್ಲಿ ಮಾಡಿದರು. ಗೂಡಿನ ಬಂಡೆಗಳಿಗೆ ಕಾವಲಿಟ್ಟರು. 1980ರ ದಶಕದ ಮೊದಲಲ್ಲಿ ನೂರನ್ನೂ ಮುಟ್ಟದಿದ್ದ ಎಣಿಕೆ 2010ರ ಹೊತ್ತಿಗೆ ಸಾವಿರದ ಮೇಲೇರಿತು.

ಪಂಜರದಲ್ಲಿ ನೋಡಿದವರಿಗೆ ಈ ಹಕ್ಕಿಯ ಬಣ್ಣವಷ್ಟೇ ತಿಳಿದಿತ್ತು. ಅದು ಏನು ತಿನ್ನುತ್ತದೆ, ಯಾರ ಹೊಲದಲ್ಲಿ ತಿನ್ನುತ್ತದೆ ಎಂಬುದು ತಿಳಿದ ಮೇಲಷ್ಟೇ ಅದನ್ನು ಉಳಿಸುವ ದಾರಿ ಕಂಡಿತು.