ಅಂಡಮಾನಿಗೆ ಹೊರಟಿದ್ದೀರಾ? ಎರಡು ದಿನ ಖಾಲಿ ಬಿಡಿ

ರಜೆ ಮುಗಿಸಿ ಬಂದ ಕುಟುಂಬಗಳು ನೆಂಟರಿಗೆ ಫೋಟೊ ತೋರಿಸುವುದಕ್ಕೂ ಮೊದಲು ವೈದ್ಯರ ಬಾಗಿಲಿಗೆ ಬರುವುದು ನಮ್ಮಂಥವರಿಗೆ ಹೊಸತೇನಲ್ಲ. ಮಗುವಿಗೆ ಭೇದಿ, ಯಜಮಾನರಿಗೆ ಸೊಂಟನೋವು, ಅಜ್ಜಿಗೆ ಕಾಲು ಬಾವು, ಇವರನ್ನೆಲ್ಲ ಕರೆದುಕೊಂಡು ಬಂದ ಮನೆಯಾಕೆಗೆ ಮೈಯೆಲ್ಲ ಸುಸ್ತು. 'ವಿಶ್ರಾಂತಿ ಅಂತ ಹೋಗಿದ್ವಿ ಡಾಕ್ಟ್ರೇ, ಈಗ ಸುಧಾರಿಸಿಕೊಳ್ಳೋಕೆ ಇನ್ನೊಂದು ವಾರ ರಜೆ ಬೇಕು' ಎಂದು ನಗುತ್ತಲೇ ಹೇಳುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಹೀಗೆ ಬರುವವರಲ್ಲಿ ಅಂಡಮಾನಿಗೆ ಹೋಗಿ ಬಂದವರೂ ಸಾಕಷ್ಟು ಮಂದಿ. ಎಲ್‌ಟಿಸಿ ಸೌಲಭ್ಯ ಇರುವ ನೌಕರರು, ಹೊಸದಾಗಿ ಮದುವೆಯಾದವರು, ವಯಸ್ಸಾದ ತಂದೆ-ತಾಯಿಗೆ ಒಮ್ಮೆ ವಿಮಾನ ಹತ್ತಿಸಬೇಕೆಂಬ ಆಸೆಯ ಮಕ್ಕಳು, ಹೀಗೆ ಎಲ್ಲ ಬಗೆಯವರೂ ಹೋಗುತ್ತಾರೆ. ಬೆಂಗಳೂರಿನಿಂದ ನೇರ ವಿಮಾನವಾದರೆ ಎರಡೂವರೆ ಗಂಟೆಯ ಪ್ರಯಾಣ. ನಾವೆಲ್ಲ ಪೋರ್ಟ್‌ಬ್ಲೇರ್ ಎಂದೇ ಕರೆಯುವ ಊರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂಬ ಹೆಸರು ಬಂದಿದೆ. ಹ್ಯಾವ್‌ಲಾಕ್ ದ್ವೀಪ 2018ರಲ್ಲೇ ಸ್ವರಾಜ್ ದ್ವೀಪವಾಯಿತು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು. ಟಿಕೆಟ್ ಕಾಯ್ದಿರಿಸುವಾಗ ಎರಡೂ ಹೆಸರು ಕಣ್ಣಿಗೆ ಬೀಳಬಹುದು, ಗಾಬರಿ ಬೇಡ.

ಪ್ರವಾಸ ಕಂಪನಿಗಳು ಕೊಡುವ ಪಟ್ಟಿಗಳನ್ನು ನನ್ನ ರೋಗಿಗಳು ಆಗಾಗ ತಂದು ತೋರಿಸುತ್ತಾರೆ. ಐದು ರಾತ್ರಿ, ಆರು ಹಗಲು. ಮೊದಲ ದಿನ ನಸುಕಿನ ವಿಮಾನ. ಅಂದರೆ ಮನೆಯಲ್ಲಿ ರಾತ್ರಿ ಒಂದು ಗಂಟೆಗೇ ಎದ್ದಿರಬೇಕು. ಅದೇ ಮಧ್ಯಾಹ್ನ ಸೆಲ್ಯುಲರ್ ಜೈಲು, ಸಂಜೆ ಅಲ್ಲಿಯ ಧ್ವನಿ-ಬೆಳಕಿನ ಕಾರ್ಯಕ್ರಮ. ಮರುದಿನ ಆರು ಗಂಟೆಗೆ ಹ್ಯಾವ್‌ಲಾಕ್ ದೋಣಿ. ಅದರ ಮರುದಿನ ಸಮುದ್ರದೊಳಗೆ ಮುಳುಗುವ ಸ್ಕೂಬಾ, ಆಮೇಲೆ ನೀಲ್, ಆಮೇಲೆ ರಾತ್ರಿ ಮೂರು ಗಂಟೆಗೆ ಎದ್ದು ಬಾರಾಟಾಂಗ್, ಕೊನೆಯ ದಿನ ವಿಮಾನ. ನೋಡುವ ಜಾಗಗಳ ಲೆಕ್ಕ ಇದರಲ್ಲಿ ಸರಿಯಾಗಿದೆ. ನೋಡುವವರಲ್ಲಿ ಎಂಟು ವರ್ಷದ ಮಗುವೂ ಅರವತ್ತೆಂಟರ ಅಜ್ಜನೂ ಇದ್ದಾರೆ ಎಂಬ ಲೆಕ್ಕ ಮಾತ್ರ ಎಲ್ಲೂ ಇಲ್ಲ.

ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ. ಒಂದು ವಾರ ಇಟ್ಟುಕೊಳ್ಳಿ; ಪೋರ್ಟ್‌ಬ್ಲೇರ್ ಬಿಟ್ಟರೆ ಒಂದೇ ದ್ವೀಪ ಆರಿಸಿ. ಹ್ಯಾವ್‌ಲಾಕ್ ಇಲ್ಲವೇ ನೀಲ್, ಎರಡೂ ಬೇಡ. ತಲುಪಿದ ದಿನ ಊಟ, ನಿದ್ದೆ, ಸಂಜೆ ಒಂದು ಸುತ್ತು ಅಷ್ಟೇ. ದ್ವೀಪದಲ್ಲಿ ಮೂರು ರಾತ್ರಿ ತಂಗಿ. ಅದರಲ್ಲಿ ಒಂದು ದಿನಕ್ಕೆ ಯಾವ ಕಾರ್ಯಕ್ರಮವನ್ನೂ ಹಾಕಬೇಡಿ. ಮರಳುವ ವಿಮಾನಕ್ಕೆ ಮುಂಚಿನ ಇಡೀ ದಿನ ಪೋರ್ಟ್‌ಬ್ಲೇರ್‌ನಲ್ಲೇ ಇರಿ. ಈ ಎರಡು ಖಾಲಿ ದಿನಗಳು ದಂಡವಲ್ಲವೇ ಎಂದು ಕೇಳುವವರಿದ್ದಾರೆ. ಏಕೆ ದಂಡವಲ್ಲ ಎಂಬುದನ್ನು ಮುಂದೆ ನೋಡೋಣ.

ಗಡಿಯಾರ ನಮ್ಮದು, ಸೂರ್ಯ ಅಲ್ಲಿಯದು

ಅಂಡಮಾನ್ ನಮ್ಮ ಬೆಂಗಳೂರಿನಿಂದ ಬಹಳ ಪೂರ್ವಕ್ಕಿದೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹೀಗಾಗಿ ಅಲ್ಲಿ ಸೂರ್ಯ ನಮ್ಮಲ್ಲಿಗಿಂತ ಸುಮಾರು ಒಂದು ಗಂಟೆ ಮುಂದೆ ಓಡುತ್ತಾನೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಐದೂವರೆಗೆಲ್ಲ ಬೆಳಕು, ಸಂಜೆ ಐದರ ಸುಮಾರಿಗೆ ಸೂರ್ಯಾಸ್ತ. ನಮ್ಮ ಹತ್ತು ಗಂಟೆಯ ಬಿಸಿಲು ಅಲ್ಲಿ ಒಂಬತ್ತಕ್ಕೇ ಬಿದ್ದಿರುತ್ತದೆ. ಹೋಟೆಲಿನಲ್ಲಿ ನಿಧಾನವಾಗಿ ತಿಂಡಿ ಮುಗಿಸಿ ಹತ್ತಕ್ಕೆ ಸಮುದ್ರಕ್ಕಿಳಿಯುವವರು ಸರಿಯಾಗಿ ಉರಿಬಿಸಿಲಿಗೇ ಹೋಗಿ ನಿಲ್ಲುತ್ತಾರೆ.

ಆರರಿಂದ ಎಂಟೂವರೆಯವರೆಗೆ ನೀರಿನಲ್ಲಿ ಆಡಿ, ಒಂಬತ್ತಕ್ಕೆ ನೆರಳು ಸೇರಿಬಿಡಿ. ಮಧ್ಯಾಹ್ನ ಊಟ, ನಿದ್ದೆ. ಮೂರರ ಮೇಲೆ ಮತ್ತೆ ಹೊರಗೆ. ಹಳ್ಳಿಯ ನಮ್ಮ ಹಿರಿಯರು ಬೇಸಿಗೆಯಲ್ಲಿ ಹೊಲಕ್ಕೆ ಹೋಗುತ್ತಿದ್ದ ಕ್ರಮವೂ ಇದೇ. ಕಪ್ಪು ಚರ್ಮದವರಿಗೆ ಬಿಸಿಲು ತಾಗದು ಎಂಬುದು ತಪ್ಪು ಕಲ್ಪನೆ. ಸುಡುವುದು ತಡವಾಗಬಹುದು, ಅಷ್ಟೇ. ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ರಕ್ಷಣೆಯಿಲ್ಲ. ಸನ್‌ಸ್ಕ್ರೀನ್ ಹಚ್ಚುವುದಾದರೆ ಎಸ್‌ಪಿಎಫ್ 30 ಇರುವಂಥದ್ದನ್ನು ಧಾರಾಳವಾಗಿ ಹಚ್ಚಿ, ನೀರಿನಿಂದ ಎದ್ದ ಮೇಲೆ ಮತ್ತೆ ಹಚ್ಚಿ. ಅದಕ್ಕಿಂತ ಅಗ್ಗದ, ನಂಬಲರ್ಹವಾದ ಉಪಾಯ ತುಂಬುತೋಳಿನ ಹತ್ತಿ ಅಂಗಿ ಮತ್ತು ಅಗಲ ಅಂಚಿನ ಟೋಪಿ.

ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರು ಗಮನಿಸಿ. ಬೆವರೂ ಸುರಿದು ಮೂತ್ರವೂ ಹೋದರೆ, ಕುಳಿತವರು ಥಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುತ್ತದೆ. ಹಾಗೆಂದು ನೀವೇ ಗುಳಿಗೆ ನಿಲ್ಲಿಸಬೇಡಿ. ಹೊರಡುವ ಎರಡು ವಾರ ಮೊದಲು ನಿಮ್ಮ ವೈದ್ಯರನ್ನು ಕಂಡು ಪ್ರಮಾಣದ ಬಗ್ಗೆ ಕೇಳಿಕೊಳ್ಳಿ.

ಮೇಷ್ಟ್ರ ಪಾದ

ಹಲವು ವರ್ಷಗಳಿಂದ ನನ್ನ ಬಳಿ ಬರುವ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಮಧುಮೇಹ ಶುರುವಾಗಿ ಹದಿನೆಂಟು ವರ್ಷ. ಮಗಳು ಪ್ರೀತಿಯಿಂದ ತಂದೆಯನ್ನು ಅಂಡಮಾನಿಗೆ ಕರೆದುಕೊಂಡು ಹೋದಳು. ಹ್ಯಾವ್‌ಲಾಕ್‌ನ ರಾಧಾನಗರ ಕಡಲತೀರದ ಬಿಳಿ ಮರಳು ಕಂಡು ಅವರಿಗೆ ಚಪ್ಪಲಿ ಬಿಟ್ಟು ನಡೆಯುವ ಉತ್ಸಾಹ ಬಂತು. ಹೊತ್ತು ನಡುಮಧ್ಯಾಹ್ನ. ಬೇರೆಯವರಾಗಿದ್ದರೆ ನಾಲ್ಕು ಹೆಜ್ಜೆಗೆ 'ಅಯ್ಯೋ' ಎಂದು ಹಿಂದಕ್ಕೆ ಓಡುತ್ತಿದ್ದರು. ಇವರಿಗೆ ಪಾದದ ನರಗಳ ಸ್ಪರ್ಶಜ್ಞಾನ ಕುಂದಿತ್ತು, ಹಾಯಾಗಿ ಅರ್ಧ ಗಂಟೆ ನಡೆದರು. ಬೊಬ್ಬೆಗಳು ಕಂಡದ್ದು ರಾತ್ರಿ ಕಾಲು ತೊಳೆಯುವಾಗ. ಮಗಳಿಗೆ ಗಾಬರಿಯಾದೀತೆಂದು ಯಾರಿಗೂ ಹೇಳಲಿಲ್ಲ. ಎರಡು ದಿನ ಶೂ ಒಳಗೆ ಅದುಮಿಕೊಂಡು ತಿರುಗಿದರು. ಪಟ್ಟಿಯಲ್ಲಿ ಇನ್ನೂ ನೋಡುವ ಜಾಗಗಳಿದ್ದವಲ್ಲ!

ನನ್ನಲ್ಲಿಗೆ ಬಂದಾಗ ಬಲಗಾಲಿನ ಅಡಿ ಕೀವು ತುಂಬಿ ವಾಸನೆ ಬರುತ್ತಿತ್ತು. ಶಸ್ತ್ರವೈದ್ಯರ ಬಳಿ ಕಳಿಸಿ, ಸತ್ತ ಚರ್ಮ ತೆಗೆಸಿ, ಇನ್ಸುಲಿನ್ ಏರಿಸಿ, ಮೂರು ತಿಂಗಳು ಡ್ರೆಸ್ಸಿಂಗ್ ಮಾಡಿದ ಮೇಲೆ ಗಾಯ ಮಾಗಿತು. ಬೆರಳು ಉಳಿದದ್ದು ಅವರ ಪುಣ್ಯ. ಎಲ್ಲರಿಗೂ ಉಳಿಯುವುದಿಲ್ಲ.

ಆದ್ದರಿಂದ ಮಧುಮೇಹಿಗಳಿಗೆ ನನ್ನದು ಕಟ್ಟುನಿಟ್ಟಿನ ಮಾತು: ಮರಳಿನ ಮೇಲಾಗಲಿ ನೀರಿನೊಳಗಾಗಲಿ ಬರಿಗಾಲು ಬೇಡ. ಅಲ್ಲಿ ತೀರದ ನೀರಿನಲ್ಲಿ ಬಹಳ ಕಡೆ ಸತ್ತ ಹವಳದ ಚೂರುಗಳಿರುತ್ತವೆ, ಬ್ಲೇಡಿನಂತೆ ಹರಿತ. ಹಿಂಬದಿ ಪಟ್ಟಿಯಿರುವ ರಬ್ಬರ್ ಚಪ್ಪಲಿ ಹಾಕಿಕೊಂಡೇ ಇಳಿಯಿರಿ. ದಿನವೂ ರಾತ್ರಿ ಮನೆಯವರೊಬ್ಬರು ದೀಪದ ಬೆಳಕಿನಲ್ಲಿ ಎರಡೂ ಪಾದಗಳ ಅಡಿ, ಬೆರಳ ಸಂದಿ ನೋಡಲಿ. ಮಗಳು ಅಪ್ಪನ ಕಾಲು ಹಿಡಿದು ನೋಡುವುದರಲ್ಲಿ ಸಂಕೋಚವೇನೂ ಬೇಡ. ಇನ್ಸುಲಿನ್ ಸೀಸೆಯನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಸಾಮಾನಿನ ಪೆಟ್ಟಿಗೆಯಲ್ಲಿ ಕಳಿಸಿದರೆ ಅತಿಯಾದ ಚಳಿಗೆ ಕೆಡಬಹುದು. ಹೋಟೆಲಿನ ಫ್ರಿಜ್ಜಿನಲ್ಲಿ ಇಡಬಹುದು, ಮಂಜುಗಡ್ಡೆಯ ಖಾನೆಯಲ್ಲಿ ಮಾತ್ರ ಕೂಡದು.

ದೋಣಿ, ವಾಂತಿ ಮತ್ತು ಹವಾಮಾನ

ಪೋರ್ಟ್‌ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ದೋಣಿಯಲ್ಲಿ ಒಂದೂವರೆಯಿಂದ ಎರಡೂವರೆ ಗಂಟೆ. ಘಾಟಿಯ ಬಸ್ಸಿನಲ್ಲಿ ತಲೆ ಸುತ್ತುವವರಿಗೆ ಇಲ್ಲಿಯೂ ಸುತ್ತುವ ಸಂಭವ ಹೆಚ್ಚು. ಮಕ್ಕಳಿಗೆ ವಾಂತಿಯಾದಾಗ ಮನೆಯಲ್ಲಿ ಕೊಡುವ ಆಂಡಾನ್‌ಸೆಟ್ರಾನ್ ಸಿರಪ್ಪನ್ನೇ ಅನೇಕರು ಒಯ್ಯುತ್ತಾರೆ. ಹೊಟ್ಟೆ ಕೆಟ್ಟು ಬರುವ ವಾಂತಿಗೆ ಅದು ಒಳ್ಳೆಯದೇ, ಪ್ರಯಾಣದ ವಾಂತಿಗೆ ಅಷ್ಟಾಗಿ ಕೆಲಸ ಮಾಡದು. ಪ್ರೊಮೆಥಜಿನ್ ಗುಂಪಿನ ಗುಳಿಗೆಯನ್ನು ಹೊರಡುವ ಒಂದೆರಡು ಗಂಟೆ ಮೊದಲೇ ನುಂಗಿರಬೇಕು. ವಾಂತಿ ಶುರುವಾದ ಮೇಲೆ ನುಂಗಿ ಫಲವಿಲ್ಲ. ಅದರಿಂದ ನಿದ್ದೆ ಬರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು. ಮುದುಕರಿಗೆ, ಪ್ರಾಸ್ಟೇಟ್ ತೊಂದರೆ ಇರುವವರಿಗೆ ವೈದ್ಯರನ್ನು ಕೇಳದೆ ಬೇಡ. ಖಾಲಿ ಹೊಟ್ಟೆಯೂ ಬೇಡ, ಪೂರಿ-ಸಾಗು ಮೊದಲೇ ಬೇಡ. ಎರಡು ಇಡ್ಲಿ ಸಾಕು. ದೋಣಿಯ ನಡುಭಾಗದಲ್ಲಿ ಕುಳಿತು ದೂರದ ದಿಗಂತ ನೋಡಿ, ಮೊಬೈಲ್ ನೋಡಬೇಡಿ.

ಖಾಲಿ ದಿನದ ಮಾತಿಗೆ ಈಗ ಬರುತ್ತೇನೆ. ಸಮುದ್ರ ಕೆರಳಿದರೆ ದೋಣಿಗಳು ನಿಲ್ಲುತ್ತವೆ. ನೈಋತ್ಯ ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ತಿಂಗಳಲ್ಲೇ ಅಂಡಮಾನ್ ಮುಟ್ಟುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಕಾಟ. 2016ರ ಡಿಸೆಂಬರ್ ಮೊದಲ ವಾರದಲ್ಲಿ, ಮುಂದೆ ವಾರ್ದಾ ಚಂಡಮಾರುತವಾದ ಕುಸಿತದಿಂದಾಗಿ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ಅಂಥ ಹೊತ್ತಿನಲ್ಲಿ ಮಳೆಗಿಂತ ದೊಡ್ಡ ಕಷ್ಟ ಲೆಕ್ಕ ಹಾಕಿ ತಂದ ಗುಳಿಗೆ ಮುಗಿದುಹೋಗುವುದು. ಹೃದಯದ ಸ್ಟೆಂಟ್ ಹಾಕಿಸಿಕೊಂಡವರು, ಫಿಟ್ಸ್ ಇರುವವರು ಒಂದೆರಡು ದಿನ ಔಷಧ ತಪ್ಪಿಸಿದರೂ ಅಪಾಯ. ಪ್ರವಾಸದ ದಿನಗಳಿಗಿಂತ ಐದು ದಿನದ ಹೆಚ್ಚು ಔಷಧ ಒಯ್ಯಿರಿ, ಅದನ್ನು ಎರಡು ಚೀಲಗಳಲ್ಲಿ ಹಂಚಿಡಿ, ಚೀಟಿಯ ನಕಲೂ ಇರಲಿ. ದ್ವೀಪದಲ್ಲಿ ಸರ್ಕಾರಿ ಆರೋಗ್ಯ ಕೇಂದ್ರವಿದೆ. ಆದರೆ ಎದೆನೋವಿನಂಥ ಗಂಭೀರ ಸಮಸ್ಯೆಗೆ ಸಮುದ್ರ ದಾಟಿ ಪೋರ್ಟ್‌ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಗೇ ಬರಬೇಕಾದೀತು. ಇತ್ತೀಚೆಗೆ ಹೃದಯಾಘಾತವಾದವರು, ತುಂಬು ಗರ್ಭಿಣಿಯರು ಈ ದೂರವನ್ನು ಯೋಚಿಸಿ ನಿರ್ಧರಿಸಲಿ. ವೈದ್ಯರನ್ನು ಕೇಳುವುದು ಟಿಕೆಟ್ ಕೊಳ್ಳುವ ಮೊದಲು, ಕೊಂಡ ಮೇಲಲ್ಲ.

ಕೊನೆಯ ದಿನವನ್ನು ಪೋರ್ಟ್‌ಬ್ಲೇರ್‌ನಲ್ಲಿ ಕಳೆಯಲು ಇನ್ನೊಂದು ಕಾರಣ ಸ್ಕೂಬಾ. ಸಿಲಿಂಡರಿನ ಗಾಳಿ ಉಸಿರಾಡುತ್ತ ಆಳಕ್ಕಿಳಿದಾಗ ನೈಟ್ರೋಜನ್ ಅನಿಲ ರಕ್ತದಲ್ಲಿ ಹೆಚ್ಚು ಕರಗುತ್ತದೆ. ಅದು ಪೂರ್ತಿ ಹೊರಹೋಗುವ ಮೊದಲೇ ವಿಮಾನದ ಕಡಿಮೆ ಒತ್ತಡಕ್ಕೆ ಏರಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ, ಗುಳ್ಳೆಗಳಾಗಿ ಕೀಲು, ನರಗಳಲ್ಲಿ ನೋವು, ಕೆಲವೊಮ್ಮೆ ಲಕ್ವವನ್ನೂ ತರಬಹುದು. ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲವಾದರೆ 18 ಗಂಟೆ ಬಿಡಬೇಕೆಂಬುದು ರೂಢಿಯ ನಿಯಮ. ಇಡೀ ಒಂದು ದಿನ ಬಿಟ್ಟರೆ ಲೆಕ್ಕದ ಗೋಜೇ ಇಲ್ಲ. ಮುಳುಗುವ ಮೊದಲು ಕೊಡುವ ಆರೋಗ್ಯದ ಪ್ರಶ್ನಾವಳಿಗೆ ಕಣ್ಣು ಮುಚ್ಚಿ 'ಇಲ್ಲ, ಇಲ್ಲ' ಎಂದು ಗೀಟು ಹಾಕುವವರೇ ಹೆಚ್ಚು. ಅಸ್ತಮಾ, ಕಿವಿ ಸೋರುವುದು, ಹೃದಯದ ತೊಂದರೆ ಇದ್ದರೆ ನಿಜವನ್ನೇ ಬರೆಯಿರಿ. ನೆಗಡಿಯಿಂದ ಮೂಗು ಕಟ್ಟಿದ್ದರೆ ಅಂದು ಮುಳುಗಬೇಡಿ, ಕಿವಿತಮಟೆ ಒಡೆದೀತು. ಕೊಟ್ಟ ಹಣ ಹೋದರೆ ಹೋಗಲಿ.

ಬಾರಾಟಾಂಗ್ ಬಗ್ಗೆ ಎರಡು ಮಾತು. ನಡುರಾತ್ರಿ ಎದ್ದು, ಕಾಡಿನ ರಸ್ತೆಯಲ್ಲಿ ಗಂಟೆಗಟ್ಟಲೆ ಕುಳಿತು ಹೋಗುವ ಆ ದಾರಿ ವಯಸ್ಸಾದವರಿಗೆ ಹೇಳಿದ್ದಲ್ಲ. ಅದಲ್ಲದೆ ಆ ರಸ್ತೆ ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶದ ಮೂಲಕ ಹಾಯುತ್ತದೆ. ನಮಗೆ ಸಾಮಾನ್ಯವೆನಿಸುವ ಸೋಂಕುಗಳು ಅವರಿಗೆ ಮಾರಕ. 1999ರಲ್ಲಿ ಅವರಲ್ಲಿ ದಡಾರ ಹರಡಿತ್ತು. ಹೋಗಲೇಬೇಕೆಂದಿದ್ದರೂ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದ್ದರೆ ಆ ಒಂದು ದಿನವನ್ನು ಪಟ್ಟಿಯಿಂದ ಕಿತ್ತುಹಾಕಿ.

ಇನ್ನು ಸಣ್ಣಪುಟ್ಟವು. ಸಂಜೆ ತೀರದಲ್ಲಿ ಮರಳುನೊಣಗಳು ಕಚ್ಚಿ ವಾರಗಟ್ಟಲೆ ತುರಿಕೆ ತರುತ್ತವೆ. ಉದ್ದ ಪೈಜಾಮ, ಸೊಳ್ಳೆ ಓಡಿಸುವ ಮುಲಾಮು ಸಾಕು. ಒದ್ದೆ ಬಟ್ಟೆಯಲ್ಲೇ ದಿನವಿಡೀ ತಿರುಗಿದರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಖಚಿತ. ಅದಕ್ಕೆ ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿ ಇನ್ನಷ್ಟು ಹರಡಿಸಿಕೊಳ್ಳಬೇಡಿ. ಮೊಸಳೆಯ ಎಚ್ಚರಿಕೆಯ ಫಲಕ ಇರುವಲ್ಲಿ ನೀರಿಗಿಳಿಯಬೇಡಿ. 2010ರಲ್ಲಿ ರಾಧಾನಗರದ ಪಕ್ಕದಲ್ಲೇ ಅಮೆರಿಕದ ಪ್ರವಾಸಿ ಯುವತಿಯೊಬ್ಬಳು ಮೊಸಳೆಗೆ ಬಲಿಯಾದಳು.

ಊರಿಗೆ ಬಂದ ಮೇಲೆ ಒಂದು ತಿಂಗಳೊಳಗೆ ಜ್ವರ ಬಂದರೆ 'ಪ್ರಯಾಣದ ಆಯಾಸ' ಎಂದು ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಮಲೇರಿಯಾ, ಡೆಂಗಿಯ ಜೊತೆಗೆ ಇಲಿಜ್ವರವೂ ಆ ದ್ವೀಪಗಳಲ್ಲಿದೆ. 1980ರ ದಶಕದ ಕೊನೆಯಿಂದ ಅಲ್ಲಿ ಮಳೆಗಾಲದ ಹಿಂದೆಯೇ ಕಾಣಿಸಿಕೊಳ್ಳುತ್ತಿದ್ದ, ಕೆಮ್ಮಿದರೆ ರಕ್ತ ಬರುವ ಜ್ವರವನ್ನು ಮೊದಲು 'ಅಂಡಮಾನ್ ರಕ್ತಸ್ರಾವ ಜ್ವರ' ಎಂದೇ ಕರೆದಿದ್ದರು. ಅದು ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ ಎಂದು 1990ರ ದಶಕದಲ್ಲಿ ಗೊತ್ತಾಯಿತು. ಬೇಗ ಗುರುತಿಸಿದರೆ ಸಾಮಾನ್ಯ ಜೀವಿರೋಧಕಗಳಿಂದಲೇ ವಾಸಿಯಾಗುತ್ತದೆ. ಚಿಕಿತ್ಸೆಗೆ ಹೋದಾಗ 'ಇಂಥ ದಿನ ಅಂಡಮಾನಿನಲ್ಲಿದ್ದೆ, ಕೆಸರು ನೀರಿನಲ್ಲಿ ನಡೆದಿದ್ದೆ' ಎಂದು ನೀವೇ ಮೊದಲು ಹೇಳಿ. ವೈದ್ಯರು ಕೇಳುವವರೆಗೆ ಕಾಯಬೇಡಿ.