ಪೂರ್ಣಯ್ಯನ ಲೆಕ್ಕ

ಕಳೆದ ವರ್ಷ ತರಗತಿಯಲ್ಲಿ ಕೆಂಪುನಾರಾಯಣನ ‘ಮುದ್ರಾಮಂಜೂಷ’ದ ಪಾಠ ನಡೆದಿತ್ತು. ನಮ್ಮ ಅಜ್ಜೀಪುರದ ಕಡೆಯ ಹುಡುಗನೊಬ್ಬ ಎದ್ದುನಿಂತು, “ಸಾರ್, ನಂದರ ಉಪ್ಪುಂಡ ರಾಕ್ಷಸ ಕೊನೆಗೆ ಚಂದ್ರಗುಪ್ತನ ಮಂತ್ರಿಯಾದರೂ ಅವನನ್ನು ಸ್ವಾಮಿಭಕ್ತ ಅಂತೀವಿ. ಟಿಪ್ಪುವಿನ ಉಪ್ಪುಂಡ ಪೂರ್ಣಯ್ಯ ಒಡೆಯರ ದಿವಾನನಾದರೆ ಮಾತ್ರ ದ್ರೋಹಿ ಅಂತಾರಲ್ಲ, ಯಾಕೆ?” ಎಂದು ಕೇಳಿದ. ಪುಣ್ಯಕ್ಕೆ ಗಂಟೆ ಹೊಡೆಯಿತು, ನಾನು ಪಾರಾದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುಂದಿನ ಭಾನುವಾರ ನಾಲ್ಕೈದು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಯಳಂದೂರಿಗೆ ಹೊರಟೆ.

ಯಳಂದೂರೆಂದರೆ ನಮಗೆ, ಕನ್ನಡ ಓದಿದವರಿಗೆ, ಮೊದಲು ನೆನಪಾಗುವುದು ಸಂಚಿಯ ಹೊನ್ನಮ್ಮ ಮತ್ತು ಷಡಕ್ಷರದೇವ. ಗೌರೀಶ್ವರನ ಗುಡಿಯ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳ ಸರಪಳಿಯನ್ನು ನೋಡುತ್ತ ಅರ್ಧ ಗಂಟೆ ಕಳೆದೆವು. ಆಮೇಲೆ ಜಹಗೀರುದಾರರ ಬಂಗಲೆಯ ಕಡೆಗೆ ನಡೆದೆವು. 1807ರಲ್ಲಿ ಈ ಯಳಂದೂರು ಸೀಮೆ ಪೂರ್ಣಯ್ಯನಿಗೆ ಜಹಗೀರಾಗಿ ದೊರೆತು ಅವನ ವಂಶದವರ ಕೈಯಲ್ಲಿ ಉಳಿಯಿತು. ದಿವಾನಗಿರಿಯೇ ತನ್ನ ಮನೆತನದಲ್ಲಿ ಉಳಿಯಬೇಕೆಂಬುದು ಅವನ ಆಸೆಯಾಗಿತ್ತು. ಅದು ಕೈಗೂಡಲಿಲ್ಲ, ಬಂದದ್ದು ಜಹಗೀರು.

ಅವನು ಹುಟ್ಟಿದ್ದು 1746ರಲ್ಲಿ, ತಮಿಳು ಸೀಮೆಯ ಕಾವೇರಿಯ ದಂಡೆಯ ಬಡ ಮಾಧ್ವ ಬ್ರಾಹ್ಮಣರ ಮನೆಯಲ್ಲಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಅಂಗಡಿಯ ಲೆಕ್ಕ ಬರೆದು ತಾಯಿಯನ್ನು ಸಾಕಿದ. ಮುಂದೆ ಅನ್ನದಾನಶೆಟ್ಟಿ ಎಂಬ ದೊಡ್ಡ ವರ್ತಕನಲ್ಲಿ ಗುಮಾಸ್ತನಾದ. ಹೈದರಾಲಿಯ ಅರಮನೆಗೆ ಸಾಮಾನು ಒದಗಿಸುತ್ತಿದ್ದ ಶೆಟ್ಟಿಯ ಲೆಕ್ಕವೇ ಅವನನ್ನು ಶ್ರೀರಂಗಪಟ್ಟಣದ ಬಾಗಿಲಿಗೆ ತಂದಿತು.

ಆ ಕಾಲದ ನಮ್ಮ ನಾಡಿನ ಲೆಕ್ಕವೆಂದರೆ ಕಡತ. ಹುಣಿಸೆಬೀಜದ ಅಂಟಿಗೆ ಇದ್ದಲಿನ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕವದು. ಬಳಪದಿಂದ ಬರೆಯುವುದು; ತಪ್ಪಾದರೆ ಒರಸಿ ಮತ್ತೆ ಬರೆಯುವುದು. ಪೂರ್ಣಯ್ಯನ ಬಾಳನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಈ ಕಡತವೇ. ಒಡೆಯನ ಹೆಸರು ಅಳಿಸಿ ಇನ್ನೊಬ್ಬನ ಹೆಸರು ಬಂದರೂ ಪುಸ್ತಕ ಅದೇ, ಬರೆಯುವ ಕೈಯೂ ಅದೇ.

1782ರ ಡಿಸೆಂಬರಿನಲ್ಲಿ ಹೈದರಾಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡ. ಟಿಪ್ಪು ದೂರದ ಮಲೆಯಾಳ ಸೀಮೆಯಲ್ಲಿ ದಂಡಿನೊಡನಿದ್ದ. ಸಾವಿನ ಸುದ್ದಿ ಹಬ್ಬಿದರೆ ಸೈನ್ಯ ಒಡೆಯುತ್ತದೆ. ಪೂರ್ಣಯ್ಯನೂ ಖಜಾನೆಯ ಕೃಷ್ಣರಾಯನೂ ಉಳಿದ ಹಿರಿಯರೂ ಕೂಡಿ ಸುದ್ದಿಯನ್ನು ಮುಚ್ಚಿಟ್ಟರು. ಬೆಲೆಬಾಳುವ ಸರಕು ಸಾಗಿಸುವಂತೆ ಪೆಟ್ಟಿಗೆಯಲ್ಲಿಟ್ಟು ಶವವನ್ನು ಕೋಲಾರಕ್ಕೆ ಕಳುಹಿಸಿದರು. ಟಿಪ್ಪು ಬಂದು ಸೇರುವವರೆಗೆ ದಂಡು ಕದಲಲಿಲ್ಲ. ದ್ರೋಹದ ಬುದ್ಧಿಯುಳ್ಳವನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಬೇಕಾಗಿತ್ತೇ?

ಹತ್ತು ವರ್ಷ ಕಳೆಯಿತು. 1792ರ ಸಂಧಿಯಲ್ಲಿ ಅರ್ಧ ರಾಜ್ಯ ಕೈಬಿಟ್ಟಿತು. ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಎಳೆಯ ಮಕ್ಕಳ ಒತ್ತೆ. ಹಣ ಸಲ್ಲಿಸಿದ ಮೇಲೆ, 1794ರಲ್ಲಿ ಮಕ್ಕಳು ಹಿಂದಿರುಗಿದರು. ಅಂಥ ಮೊತ್ತ ಅರ್ಧ ರಾಜ್ಯದಿಂದಲೇ ಹುಟ್ಟಬೇಕಾಗಿದ್ದ ದಿನಗಳಲ್ಲಿ ಪೂರ್ಣಯ್ಯ ಟಿಪ್ಪುವಿನ ಹಣಕಾಸಿನ ಮಂತ್ರಿ.

1799ರ ಮೇ 4ರಂದು ಟಿಪ್ಪು ಕೋಟೆಯಲ್ಲಿ ಬಿದ್ದ. ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯ ದಿವಾನನಾದ. ನಡುವೆ ಎರಡು ತಿಂಗಳೂ ಇಲ್ಲ. ಟಿಪ್ಪುವಿನ ಮಗನಿಗೇ ಪಟ್ಟ ಕಟ್ಟಬೇಕೆಂದು ಅವನು ಮೊದಲು ಸೂಚಿಸಿದ್ದನೆಂಬುದನ್ನು, ಅವನನ್ನು ಹೊಗಳುವವರೂ ತೆಗಳುವವರೂ ಸಾಮಾನ್ಯವಾಗಿ ಮರೆಯುತ್ತಾರೆ. ಸೂಚನೆ ಬಿದ್ದುಹೋಯಿತು, ಅವನು ಹೊಸ ಲೆಕ್ಕ ತೆರೆದ. ನಾಟಕದ ರಾಕ್ಷಸ ಮಾಡಿದಷ್ಟು ಹಟವನ್ನು ಅವನು ಮಾಡಲಿಲ್ಲ, ನಿಜ. ನನಗೆ ಅದು ಸ್ವಲ್ಪ ಕಸಿವಿಸಿಯೇ.

ಅದೇ ಹಂಚಿಕೆಯಲ್ಲಿ ನಮ್ಮ ಕೊಳ್ಳೇಗಾಲದ ಸೀಮೆ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿಗೆ ಉಳಿಯಿತು. 1956ರ ನವೆಂಬರ್ 1ರವರೆಗೂ ನಮ್ಮಜ್ಜ ಕಂದಾಯ ಕಟ್ಟಿದ್ದು ಕೊಯಮತ್ತೂರು ಜಿಲ್ಲೆಯಲ್ಲೇ.

ಹೊಸ ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಅಂದರೆ ಸುಮಾರು 24 ಲಕ್ಷ 50 ಸಾವಿರ ರೂಪಾಯಿ, ಕಂಪನಿಗೆ ಕೊಡಬೇಕಾಗಿತ್ತು. ತಪ್ಪಿದರೆ ಕಂಪನಿ ಆಡಳಿತಕ್ಕೇ ಕೈಹಾಕಬಹುದೆಂದು ಒಪ್ಪಂದದಲ್ಲೇ ಬರೆದಿತ್ತು. ಪೂರ್ಣಯ್ಯ ಹನ್ನೆರಡು ವರ್ಷ ತಪ್ಪಿಸಲಿಲ್ಲ. ಕೆರೆ ಕಾಲುವೆಗಳನ್ನು ದುರಸ್ತಿ ಮಾಡಿಸಿದ. 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಲ್ಲುಕಂಬಗಳ ಸೇತುವೆ ಮುಗಿಸಿ ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟ; ವರ್ತಕರ ಅಂಗಡಿಯಲ್ಲಿ ಕಲಿತ ವಿನಯ ಅಲ್ಲಿ ಉಪಯೋಗಕ್ಕೆ ಬಂದಿರಬೇಕು. ಕಾವೇರಿಯ ನೀರನ್ನು ಮೈಸೂರಿಗೆ ತರಲು ತೋಡಿಸಿದ ಕಾಲುವೆ ಮಾತ್ರ ಫಲಿಸಲಿಲ್ಲ. ‘ಪೂರ್ಣಯ್ಯನ ನಾಲೆ’ ಎಂಬ ಆಳವಾದ ಹಳ್ಳವಾಗಿ ಅದು ಉಳಿದುಕೊಂಡಿದೆ. ಲೆಕ್ಕದವನ ಲೆಕ್ಕವೂ ಒಮ್ಮೊಮ್ಮೆ ತಪ್ಪುತ್ತದೆ!

1811ರ ಕೊನೆಗೆ ಅಧಿಕಾರ ಬಿಟ್ಟಾಗ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿ ಉಳಿಸಿದ್ದನೆಂದು ಚರಿತ್ರಕಾರರು ಹೇಳುತ್ತಾರೆ. ಮರುವರ್ಷ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಆ ಹಣ ಕರಗಿತು, ನಗರದ ರೈತರು ದಂಗೆಯೆದ್ದರು, 1831ರಲ್ಲಿ ಕಂಪನಿ ಆಡಳಿತವನ್ನೇ ಕಸಿದುಕೊಂಡಿತು. ಮುಮ್ಮಡಿಯವರ ದುಂದುಗಾರಿಕೆಯನ್ನು ಬಯ್ಯುವುದು ಸುಲಭ. ಆದರೆ ಅವರ ಆಶ್ರಯದಲ್ಲಿ ಕವಿಪಂಡಿತರು ಬೆಳೆದರು. ನಾನು ಪಾಠ ಹೇಳುವ ‘ಮುದ್ರಾಮಂಜೂಷ’ 1823ರಲ್ಲಿ ಹುಟ್ಟಿದ್ದು ಆ ಆಶ್ರಯದಲ್ಲೇ. ಪೂರ್ಣಯ್ಯ ಕೂಡಿಟ್ಟದ್ದರ ಒಂದು ತುಣುಕನ್ನು ನನ್ನಂಥ ಕನ್ನಡ ಮೇಷ್ಟರು ಇಂದಿಗೂ ಉಣ್ಣುತ್ತಿದ್ದೇವೆ ಎನ್ನಬೇಕು.

ಬಸ್ಸಿನಲ್ಲಿ ಹಿಂದಿರುಗುವಾಗ ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆ. ಪೂರ್ಣಯ್ಯ ಮನುಷ್ಯರಿಗಿಂತ ಖಜಾನೆಗೆ ನಿಷ್ಠನಾಗಿದ್ದನೆಂದೂ, ಅದನ್ನು ದ್ರೋಹವೆನ್ನಲು ನನಗೆ ನಾಲಗೆ ಬಾರದೆಂದೂ ಹೇಳಿದೆ. ಅವನ ಮನೆಯವರು ಮಳೆ ನಂಬಿ ಬದುಕುವ ಒಕ್ಕಲು. ಕೊಳ್ಳೇಗಾಲ ದಾಟುವವರೆಗೂ ಸುಮ್ಮನಿದ್ದು, ಆಮೇಲೆ ಕೇಳಿದ: “ಆ ಎರಡು ಕೋಟಿ ಯಾರ ಹೊಲದಿಂದ ಬಂತು ಸಾರ್?”

ಹನೂರು ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕುಳಿತೆ.